ಒಂದು ವರ್ಷದ ಊಟ, ಬಾಡಿಗೆಗೆ

ಮತ್ತೆ ಅದೇ ಬೂಟಿನ ಹಿಮ್ಮಡಿ, ಅದರಲ್ಲೊಂದು ಮೊಳೆ ಎದ್ದಿದೆ, ಮೊಳೆಗೆ ಹಿಮದ ಉಂಡೆ ಅಂಟಿದೆ, ಹಿಮ್ಮಡಿ ಮೇಲೆದ್ದಿತು, ಇಳಿಯಿತು, ಈಗ ನನ್ನ ಕಾಲು, ಮಂಜುಗಡ್ಡೆಯಲ್ಲಿ ಕಡಿದ ಇನ್ನೊಂದು ಮೆಟ್ಟಿಲು, ಬೆಳಗಿನಿಂದ ನಾನು ಕಂಡ ಪ್ರಪಂಚವೆಲ್ಲ ಇಷ್ಟೇ, ನಿಲ್ಸ್‌ನ ಹಿಮ್ಮಡಿ — ಚಿನ್ನ ಅಗೆಯಲು ಸ್ವೀಡನ್ನಿನಿಂದ ಹೊರಟು ಬಂದ ಈ ಗುಡ್ಡದಂಥ ಮನುಷ್ಯನ ಹಿಂದೆ ನಾನು, ನನ್ನ ಹಿಂದೆ ಅರ್ಧ ಭೂಮಂಡಲ, ಒಬ್ಬರ ಬೆನ್ನಿಗೆ ಒಬ್ಬರು, ಒಮ್ಮೆ ಸಾಲು ಬಿಟ್ಟು ಪಕ್ಕಕ್ಕೆ ನಿಂತೆವೋ ಮತ್ತೆ ಒಳಗೆ ಬಿಟ್ಟುಕೊಳ್ಳುವವರಿಲ್ಲ, ಹಿಂದಿನವನ ಉಸಿರು ನನ್ನ ಕತ್ತಿಗೆ ತಾಗುತ್ತಿದೆ, ಈರುಳ್ಳಿ ತಿಂದಿದ್ದಾನೆ, ಈ ಚಿಲ್ಕೂಟ್ ದಾರಿಯಲ್ಲಿ ಇವನಿಗೆ ಈರುಳ್ಳಿ ಎಲ್ಲಿ ಸಿಕ್ಕಿತಪ್ಪಾ, ಕೇಳೋಣವೆಂದರೆ ತಿರುಗಲಾಗದು, ತಿರುಗಿದರೆ ಬೀಳುತ್ತೇನೆ, ನಾನು ಬಿದ್ದರೆ ಕೆಳಗಿನ ಅರ್ಧ ಭೂಮಂಡಲವೂ ನನ್ನ ಜೊತೆ ಬೀಳುತ್ತದೆ. ಕೋಟಿನೊಳಗೆ ಎದೆಗೆ ಕಟ್ಟಿಕೊಂಡ ಕುಡಿಕೆ ಗುಳುಕ್ ಎಂದಿತು. ಸುಮ್ಮನಿರು ಮಾರಾಯ್ತಿ, ಬಂತು, ಇನ್ನೇನು ತುದಿ ಬಂತು. ಅಮ್ಮನ ಕಾಲದ ಹುಳಿಹಿಟ್ಟು ಇದು, ಬ್ರೆಡ್ಡಿಗೆ ಬೇಕಾದಷ್ಟು ತೆಗೆಯುವುದು, ತೆಗೆದಷ್ಟು ಹಿಟ್ಟು ನೀರು ಮತ್ತೆ ಕೂಡಿಸುವುದು, ಅಮ್ಮ ಮಣ್ಣಾಗಿ ಎಷ್ಟೋ ಕಾಲವಾಯಿತು, ಇದು ಮಾತ್ರ ಉಬ್ಬುವುದನ್ನು ಬಿಟ್ಟಿಲ್ಲ, ಚಳಿ ತಗುಲಿದರೆ ಸತ್ತೇ ಹೋಗುತ್ತದೆ ಎಂದು ಮಲಗುವಾಗಲೂ ತಬ್ಬಿಕೊಂಡೇ ಮಲಗುತ್ತೇನೆ, ಗಂಡ ಆಂಗಸ್ ಬದುಕಿದ್ದಾಗ ಅವನನ್ನೂ ಇಷ್ಟು ತಬ್ಬಿಕೊಂಡಿರಲಿಲ್ಲ, ಪಾಪ, ಅವನ ಮೈಯಿಂದ ಸದಾ ಮೀನಿನ ನಾತ.

ತಲೆ ಎತ್ತಿದೆ, ಎತ್ತಬಾರದಿತ್ತು — ಅಲ್ಲಿ ಸರಳು. ಕುದುರೆ ಪೊಲೀಸರ ಚೌಕಿ, ಗಾಳಿಗೆ ಪಟಪಟ ಎನ್ನುವ ಬಾವುಟ, ಗಡ್ಡದ ತುಂಬ ಹಿಮ ಮೆತ್ತಿಕೊಂಡ ದಫೇದಾರ ಲೆಗಾರೆ, ಅವನ ಕೈಯಲ್ಲಿ ಉದ್ದದ ಕಬ್ಬಿಣದ ಸರಳು, ಮೂಟೆಗೆ ಚುಚ್ಚುತ್ತಾನೆ, ಎಳೆಯುತ್ತಾನೆ, ತುದಿಗೆ ಅಂಟಿದ್ದನ್ನು ನೋಡುತ್ತಾನೆ, ಹಿಟ್ಟು, ಮುಂದೆ ಹೋಗು, ಬೇಳೆ, ಮುಂದೆ ಹೋಗು. ಒಂದು ವರ್ಷದ ಊಟ ಜೊತೆಗಿಲ್ಲದವರು ಈ ಗಡಿ ದಾಟುವಂತಿಲ್ಲ, ಹೋದ ಚಳಿಗಾಲ ಆಚೆ ಚಿನ್ನದೂರು ಡಾಸನ್ನಿನಲ್ಲಿ ಚಿನ್ನದ ಚೀಲ ತಲೆದಿಂಬು ಮಾಡಿಕೊಂಡವರೇ ಹಸಿವೆಗೆ ಬೂಟಿನ ತೊಗಲು ಬೇಯಿಸಿದರಂತೆ, ಅದಕ್ಕೇ ಈ ಕಾನೂನು, ಒಳ್ಳೆಯ ಕಾನೂನೇ, ಬೇರೆಯವರಿಗೆ. ಎಲ್ಲರೂ ಸರಕನ್ನು ಹೊತ್ತು ಹೊತ್ತು ತಂದು ಮೇಲೆ ರಾಶಿ ಹಾಕಿದ್ದಾರೆ, ಹಿಮ ಮುಚ್ಚಿದರೂ ಗುರುತು ಸಿಗಲೆಂದು ಒಂದೊಂದು ರಾಶಿಗೂ ಒಂದೊಂದು ಗಳು ನೆಟ್ಟಿದ್ದಾರೆ, ನನ್ನ ರಾಶಿಯೂ ಅಲ್ಲೇ ಇದೆ. ನನ್ನದು ಅಂದರೆ, ಇವತ್ತಿನ ಮಟ್ಟಿಗೆ ನನ್ನದು. ನನ್ನ ನಿಜವಾದ ಮೂಟೆಗಳು ಕೆಳಗೆ ಸಮುದ್ರದ ಪಾಲಾದವು, ಹಡಗಿನವರು ಎಲ್ಲವನ್ನೂ ಮರಳ ಮೇಲೆ ಎಸೆದು ಹೋದರು, ಬಂಡಿ ಗೊತ್ತು ಮಾಡಿ ಬರುವಷ್ಟರಲ್ಲಿ ಉಬ್ಬರ ಬಂದು ಹಿಟ್ಟನ್ನೆಲ್ಲ ಕಲಸಿಟ್ಟಿತ್ತು, ಉಪ್ಪು ಮಾತ್ರ ಸರಿಯಾಗಿ ಬಿದ್ದಿತ್ತು! ಅತ್ತೆ, ನಕ್ಕೆ, ತವರಿಗೆ ತಂತಿ ಕೊಡೋಣವೆಂದು ಬಂದರಿನ ತಂತಿ ಆಫೀಸಿಗೆ ಹೋದೆ, ತಂಗಿಗೆ ಒಂದು ತಂತಿ ಕೊಟ್ಟೆ, ಘಳಿಗೆಯಲ್ಲೇ ಜವಾಬು ಬಂತು, ಅಮ್ಮ ಚೆನ್ನಾಗಿದ್ದಾಳೆ, ನಿನ್ನನ್ನು ಬಹಳ ನೆನೆಸುತ್ತಾಳೆ ಎಂದು. ಸತ್ತ ಅಮ್ಮ! ಹೊರಗೆ ಬಂದು ತಂತಿಯ ಜಾಡು ಹಿಡಿದು ನಡೆದರೆ ಅದು ಮೂರನೆಯ ಕಂಬದಾಚೆ ಒಂದು ಮರದ ಕೊಂಬೆಗೆ ಗಂಟು ಬಿದ್ದು ಮುಗಿದಿತ್ತು. ಇನ್ನು ಮೇಲೆ ಯಾರೂ ನನಗೆ ಟೋಪಿ ಹಾಕಲಾರರು ಎಂದು ಅಲ್ಲೇ ಮರದ ಕೆಳಗೆ ನಿಂತು ಶಪಥ ಮಾಡಿದೆ, ಹಿಂತಿರುಗಿ ನೋಡಿದರೆ ಪಾದ್ರಿ ಪ್ರೌಟಿ ನಿಂತಿದ್ದ.

ಕಪ್ಪು ನಿಲುವಂಗಿ, ಕೈಗವಸು, ಜೇನಿನಂಥ ದನಿ. ಅಳಬೇಡ ತಂಗಿ, ದೇವರಿದ್ದಾನೆ, ದೇವರಿಗೆ ಪುರುಸೊತ್ತಿಲ್ಲದಾಗ ನಾನಿದ್ದೀನಿ, ಒಂದು ವರ್ಷದ ಊಟ ತಾನೇ, ನನ್ನದು ಮೇಲೆ ಸಿದ್ಧವಾಗಿದೆ, ಪೊಲೀಸಿನೋರು ಒಂದ್ಸಲ ನೋಡ್ತಾರೆ, ಚೀಟಿ ಕೊಡ್ತಾರೆ, ಆಮೇಲೆ ನೀನು ಆ ಕಡೆ, ಮೂಟೆ ಈ ಕಡೆ, ಎಂದ. ಆಮೇಲೆ ನಾನು ತಿನ್ನೋದೇನು ಪಾದ್ರಿಗಳೇ ಅಂದೆ. ಕೈಯಲ್ಲಿ ಬ್ರೆಡ್ಡು ಸುಡೋ ವಿದ್ಯೆ ಇಟ್ಕೊಂಡು ಊಟದ ಚಿಂತೆ ಮಾಡ್ತೀಯಲ್ಲ ತಂಗಿ, ದೇವರಿಗೆ ಬೇಜಾರಾಗಲ್ವಾ ಎಂದ. ಬಾಡಿಗೆಗೆ ಆಂಗಸ್ ಹಾಕಿದ ಉಂಗುರ ಬಿಚ್ಚಿಕೊಟ್ಟೆ, ತೆಳ್ಳನೆಯದು, ಅದನ್ನು ಮಾರಿದರೆ ಒಂದು ಮೂಟೆಯೂ ಬರುತ್ತಿರಲಿಲ್ಲ, ಖಾಲಿ ಬೆರಳನ್ನು ಬೇಗ ಕೈಗವಸಿನೊಳಗೆ ತುರುಕಿದೆ. ಕೊಡದೆ ಇನ್ನೇನು ಮಾಡಲಿ, ವಾಪಸು ಹೋದರೆ ಕೇಪ್ ಬ್ರೆಟನ್ನಿನ ಭಾವನ ಮನೆ, ಅಲ್ಲಿ ಓರಗಿತ್ತಿ ಆಲೂಗಡ್ಡೆ ಎಣಿಸಿ ಕೊಡುತ್ತಾಳೆ, ಸುಲಿದ ಮೇಲೆ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದು ದಪ್ಪವಾಯಿತೇ ಎಂದು ನೋಡುತ್ತಾಳೆ, ನಾಲ್ಕು ಮಕ್ಕಳ ಬಟ್ಟೆ, ಭಾವನ ಕಾಲುಚೀಲ, ನನ್ನ ಹೆಸರನ್ನೂ ಕರೆಯುವುದಿಲ್ಲ ಅವರು, ಏ ಇವಳೇ ಅಂತಾರೆ. ಆಚೆ ಡಾಸನ್ನಿನಲ್ಲಿ ನನ್ನದೇ ಬ್ರೆಡ್ಡಿನಂಗಡಿ, ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಎಫಿ ಮೆಕಾಸ್ಕಿಲ್, ಚಿನ್ನ ಅಗೆಯುವವರು ಅಗೆಯಲಿ, ಅಗೆದು ಹಸಿವಾಗಲಿ, ಹಸಿದು ನನ್ನ ಹತ್ತಿರ ಬರಲಿ — ಟಣ್! ಸರಳು ಎಲ್ಲೋ ಗಾಜಿಗೆ ಬಡಿಯಿತು, ಮುಂದಿನವನೊಬ್ಬನ ಬೇಳೆ ಮೂಟೆಯಿಂದ ಬ್ರಾಂದಿ ಬಾಟಲಿ ಹೊರಬರುತ್ತಿದೆ, ಇದೇನಯ್ಯಾ, ಬೇಳೆ ನೆನೆಯೋಕೆ ಇಟ್ಟಿದ್ದಾ ಎನ್ನುತ್ತಿದ್ದಾನೆ ದಫೇದಾರ, ಸಾಲೆಲ್ಲ ನಗುತ್ತಿದೆ, ನಾನೂ ನಕ್ಕೆ, ನಗುತ್ತಲೇ ಕಂಡೆ, ಆ ಸರಳು, ಇನ್ನು ನಿಲ್ಸ್ ಒಬ್ಬ ಮಾತ್ರ ನಡುವೆ.

ನಿಲ್ಸ್‌ನ ರಾಶಿಗೆ ಚುಚ್ಚಿದರು, ಹಿಟ್ಟು, ಹಂದಿಮಾಂಸ, ಹಿಟ್ಟು, ಇಷ್ಟೊಂದು ಯಾಕಪ್ಪಾ, ಹೊಟ್ಟೆಯೋ ಉಗ್ರಾಣವೋ, ಹೋಗು ಹೋಗು ಎಂದರು. ಈಗ ನನ್ನ ಮುಂದೆ ಹಿಮ್ಮಡಿಯಿಲ್ಲ, ಬರೀ ಬಯಲು, ಬಿಳಿ, ಕಣ್ಣು ಕುಕ್ಕುವಷ್ಟು. ನನ್ನ ಬಾಡಿಗೆ ರಾಶಿಯ ಪಕ್ಕ ಪ್ರೌಟಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾನೆ. ದಫೇದಾರ ರಾಶಿಯನ್ನು ಒಂದು ಸುತ್ತು ಹಾಕಿದ, ಒಂದು ಮೂಟೆಯ ನೀಲಿ ತೇಪೆಯ ಮುಂದೆ ನಿಂತ, ಏನಮ್ಮಾ, ಇದು ನಿಮ್ಮದಾ, ಹೌದು ಸ್ವಾಮಿ, ಹಾಗಾ, ಮೊನ್ನೆ ಇದೊಬ್ಬ ಹಲ್ಲು ಕೀಳೋನದ್ದಾಗಿತ್ತು, ಅದಕ್ಕೂ ಮುಂಚೆ ಇಬ್ಬರು ಅಣ್ಣತಮ್ಮಂದಿರದ್ದು, ಈ ಮೂಟೆ ಕಂಡಷ್ಟು ಜನನ ನಾನೂ ಕಂಡಿಲ್ಲ ನೋಡಿ. ಸರಳು ಒಳಹೋಯಿತು, ಸದ್ದಿಲ್ಲದೆ, ಹೊರಬಂತು, ತುದಿಯಲ್ಲಿ ಕಂದುಬಣ್ಣದ ಪುಡಿ, ದಫೇದಾರ ಮೂಸಿ ನೋಡಿದ, ನಾನೂ ಬಗ್ಗಿ ಮೂಸಿದೆ, ದೇವರೇ, ಮರದ ಪುಡಿ! ಮೇಲೆ ಒಂದು ಪದರ ಹಿಟ್ಟು, ಒಳಗೆಲ್ಲ ಗರಗಸದ ಹೊಟ್ಟು! ನನಗೆ ಎಲ್ಲಿತ್ತೋ ಸಿಟ್ಟು, ಹಿಂದೆಮುಂದೆ ನೋಡದೆ ಬಾಯಿ ಬಿಟ್ಟೆ, ನೋಡಿ ದಫೇದಾರ್ರೇ ಈ ಕಳ್ಳನ, ಹಿಟ್ಟಿನ ಮೂಟೆ ಅಂತ ಬಾಡಿಗೆ ತಗೊಂಡು ಹೊಟ್ಟು ಕೊಟ್ಟಿದ್ದಾನೆ, ಲೋ ಪಾದ್ರಿ, ಇದನ್ನ ವಾರಗಟ್ಟಲೆ ನಾದಿದರೂ ಉಬ್ಬಲ್ಲವಲ್ಲೋ! — ಮಾತು ಮುಗಿದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಬಾಡಿಗೆ. ಪೊಲೀಸಿನವನ ಎದುರಿಗೇ. ಎಫಿ, ನಿನ್ನಂಥ ಬೆಪ್ಪುತಕ್ಕಡಿ ಇನ್ನೊಬ್ಬಳಿಲ್ಲ. ಹಿಂದೆ ಈರುಳ್ಳಿಯವನು ನಗಲು ಶುರು ಮಾಡಿದ, ನಗು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು, ಕೆಳಗಿನವರಿಗೆ ಏನಾಯಿತೆಂದೇ ತಿಳಿಯದು, ಆದರೂ ನಗುತ್ತಿದ್ದಾರೆ.

ಪ್ರೌಟಿ ಕಾಲಿಗೆ ಬುದ್ಧಿ ಹೇಳಿದ, ಜಾರುವ ಇಳಿಜಾರಿನ ಕಡೆಗೆ, ಅಲ್ಲಿಂದ ಕೂತು ಜಾರಿದರೆ ಕೆಳಗೆ ಗಡಿಯೀಚಿನ ನಾಡು, ಈ ಪೊಲೀಸರ ಕಾನೂನು ಅಲ್ಲಿಗಿಲ್ಲ, ಆದರೆ ನಿಲ್ಸ್ ಅಡ್ಡ ಬಂದ, ಹೊಡೆಯಲಿಲ್ಲ ಬಡಿಯಲಿಲ್ಲ, ಅವನನ್ನು ಹಿಮದಲ್ಲಿ ಕೆಡವಿ ಮೇಲೆ ಕೂತುಬಿಟ್ಟ ಅಷ್ಟೇ. ಎಳೆದಾಟದಲ್ಲಿ ಕೈಗವಸು ಕಳಚಿತು, ಬೆರಳಿಗೊಂದು ಉಂಗುರ, ನಮ್ಮಂಥ ಎಷ್ಟು ಜನ ತಂಗಿಯರೋ ಈ ಅಣ್ಣನಿಗೆ, ಕಿರುಬೆರಳಲ್ಲಿ ನನ್ನದು, ಎಂಜಲು ಹಚ್ಚಿ ಎಳೆದುಕೊಂಡೆ. ಮರದ ಪುಡಿ ಅಂದ್ರೆ ನಿಮಗೆ ಇಷ್ಟ ಅಲ್ವಾ ಪಾದ್ರಿಗಳೇ, ಚೌಕಿಯ ಸೌದೆಯೆಲ್ಲ ಈ ಚಳಿಗಾಲ ನೀವೇ ಕುಯ್ಯಿ ಎಂದ ದಫೇದಾರ. ಆಮೇಲೆ ನನ್ನ ಕಡೆ ತಿರುಗಿದ, ನಗು ಇರಲಿಲ್ಲ. ನೀವು ಇಳೀಬೇಕಮ್ಮಾ. ಸ್ವಾಮೀ. ಇಳೀಬೇಕು, ನಾನು ಬಿಟ್ಟರೆ ಮಾರ್ಚಿಗೆ ನಿಮ್ಮನ್ನ ಹೂಳೋನೂ ನಾನೇ. ಆಲೂಗಡ್ಡೆ ಸಿಪ್ಪೆ, ಬೆಳಕಿಗೆ ಹಿಡಿದ ಸಿಪ್ಪೆ, ಏ ಇವಳೇ, ಕಣ್ಣೀರು ಬಂತು, ಬಂದದ್ದು ಕೆನ್ನೆಯಲ್ಲೇ ಹೆಪ್ಪುಗಟ್ಟಿತು, ಒರೆಸಲೂ ಆಗಲಿಲ್ಲ. ಆಗ ಕುಡಿಕೆ, ಹೆದರಿಕೆಗೆ ಕಾದ ನನ್ನ ಮೈಗೆ ಅದೂ ಕಾದಿತ್ತೇನೋ, ಗುಳುಕ್ ಗುಳುಕ್ ಎಂದಿತು, ಹುಳಿ ವಾಸನೆ ಕತ್ತಿನ ಪಟ್ಟಿಯಿಂದ ಹೊರಬಂತು. ದಫೇದಾರನ ಮೂಗು ಅರಳಿತು, ಕೋಟಲ್ಲೇನು, ಸಾರಾಯಿನಾ, ಸರಳು ನನ್ನ ಎದೆಯ ಕಡೆಗೇ ಬಂತು. ಅಯ್ಯೋ ಸರಳು ಬೇಡ, ಚಳಿಗೆ ಸತ್ತುಹೋಗುತ್ತೆ! ಯಾರು? ಎಂದು ಅವನೇ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ.

ಗುಂಡಿ ಬಿಚ್ಚಿ ಬಟ್ಟೆ ಸರಿಸಿದೆ, ಅಂಗೈ ಅಡ್ಡ ಹಿಡಿದು, ಒಂದು ಗುಳ್ಳೆ ಎದ್ದು ಅವನ ಮುಖಕ್ಕೇ ಒಡೆಯಿತು. ಅವನು ಬಗ್ಗಿದವನು ಬಗ್ಗಿಯೇ ಇದ್ದ. ಶರತ್ಕಾಲದಿಂದ ಬಿಸ್ಕತ್ತು ತಿಂತಿದ್ದೀವಿ, ಕೊಡಲಿಯಲ್ಲಿ ಒಡೆದು, ಎಂದ, ನನಗಲ್ಲ, ಕುಡಿಕೆಗೆ. ನನಗೆ ಧೈರ್ಯ ಬಂತೋ ಮಾತು ಬಂತೋ, ಯಾವುದು ಮೊದಲೋ ಗೊತ್ತಿಲ್ಲ, ಸ್ವಾಮಿ, ಊಟವಿಲ್ಲದೆ ಗಡಿ ದಾಟಬಾರದು ಅಂತ ಕಾನೂನು, ಸರಿ, ದಾಟಲ್ಲ, ಗಡಿ ಮೇಲೇ ನಿಲ್ತೀನಿ, ನಿಮ್ಮ ಒಲೆ ಅಲ್ಲೇ ಇದೆಯಲ್ಲ, ನನ್ನ ಹತ್ರ ಹಿಟ್ಟಿಲ್ಲ, ಈ ಸಾಲಿನಲ್ಲಿರೋರೆಲ್ಲರ ಹತ್ರ ಇದೆ, ಹುಳಿಯಿಲ್ಲ ಅಷ್ಟೇ, ಎರಡು ಬೊಗಸೆ ಹಿಟ್ಟು ಕೊಟ್ಟೋರಿಗೆ ಒಂದು ಬೊಗಸೇದು ಬಿಸಿಬಿಸಿ ಬ್ರೆಡ್ಡು, ಇನ್ನೊಂದು ಬೊಗಸೆ ನನ್ನ ರಾಶಿಗೆ, ವರ್ಷದ್ದು ತುಂಬಿದ ದಿನ ನೀವೇ ಚುಚ್ಚಿ ನೋಡಿ, ಹೊಟ್ಟು ಸಿಕ್ಕಿದರೆ ತಳ್ಳಿಬಿಡಿ ನನ್ನನ್ನ. ಬಿಸಿಬಿಸಿ ಅಂದಳಾ, ಎಂದ ಹಿಂದಿನಿಂದ ಈರುಳ್ಳಿಯವನು, ಬಿಸಿ ಅಂತಪ್ಪಾ, ಬ್ರೆಡ್ಡಂತೆ, ಬ್ರೆಡ್ಡು, ಮಾತು ಮೆಟ್ಟಿಲಿಳಿಯುತ್ತಿದೆ. ದಫೇದಾರ ಗಡ್ಡದ ಹಿಮ ಕೆರೆದುಕೊಂಡ, ಕಾನೂನಿನ ಪುಸ್ತಕದಲ್ಲಿ ಇಂಥದ್ದು ಬರೆದಿಲ್ಲ, ಎಂದ, ಬೇಡ ಅಂತಲೂ ಬರೆದಿಲ್ಲ. ರಾಶಿ ಎಲ್ಲಿ ಹಾಕಲಿ ಸ್ವಾಮಿ? ಅವನು ಸುತ್ತ ನೋಡಿದ, ಎಲ್ಲೆಲ್ಲೂ ಬೇರೆಯವರ ಗಳುಗಳು, ಬೇರೆಯವರ ರಾಶಿಗಳು, ಗಡಿಗೆ ಅಂಟಿದಂತೆ ಒಂದಿಷ್ಟು ಖಾಲಿ ಹಿಮ, ಅಲ್ಲಿಗೆ ನಡೆದ, ಕೈಯಲ್ಲಿದ್ದ ಸರಳನ್ನು ಎತ್ತಿ, ಬಲ ಹಾಕಿ, ನೆಟ್ಟ. ಇಲ್ಲಿ ಹಾಕಮ್ಮಾ, ಹೆಸರೇನು ಬರೀಲಿ? ಎಫಿ, ಎಫಿ ಮೆಕಾಸ್ಕಿಲ್, ಎರಡು ಸಲ ಹೇಳಿದೆ. ನಿಲ್ಸ್ ಬರುತ್ತಿದ್ದಾನೆ, ತನ್ನ ಮೂಟೆಯಿಂದ ಆ ಮೊರದಂಥ ಕೈಗಳ ತುಂಬ ಹಿಟ್ಟು, ಗಾಳಿಗೆ ಹಾರದಂತೆ ಎದೆಗೆ ಹಿಡಿದು, ಅಕ್ಕಾ, ಮೊದಲನೇ ಬ್ರೆಡ್ಡು ನಂದು, ಎನ್ನುತ್ತಿದ್ದಾನೆ, ನಾನು ನೋಡುತ್ತಿಲ್ಲ, ಸರಳನ್ನು ನೋಡುತ್ತಿದ್ದೇನೆ, ಕೆಳಗೆ ಇನ್ನೂ ಏನೂ ಇಲ್ಲ, ಬರೀ ಹಿಮ, ಅದರ ಮೇಲೆ ನೆಟ್ಟಗೆ ನಿಂತ, ನನ್ನ ಸರಳು —