ತೊಳೆದರೂ ಹೋಗದ ನೀಲಿ

ಅಸ್ತಮಾನದ ಹೊಂಬೆಳಕು ಬಣ್ಣಗಾರನ ಹಿತ್ತಲಿಗೆ ಮೆಲ್ಲನೆ ಇಳಿಯುತ್ತಿತ್ತು. ಹಗ್ಗದುದ್ದಕ್ಕೂ ತೂಗುತ್ತಿದ್ದ ಒದ್ದೆ ಬಟ್ಟೆಗಳಿಂದ ನೀಲಿ ಹನಿಗಳು ತೊಟ್ಟಿಕ್ಕುತ್ತಿದ್ದವು. ಆ ನೀಲಿಮೆಯಲ್ಲಿ ಅದೆಷ್ಟು ಛಾಯೆಗಳು, ಅದೆಂತಹ ಮೌನಸೌಂದರ್ಯ! ಆದರೆ, ಸಹೃದಯ ಓದುಗರೇ, ಅದನ್ನು ಸೃಷ್ಟಿಸಿದವನಿಗೇ ಇಂದು ಆ ಬಣ್ಣ ಕಣ್ಣಿಗೆ ಬೇಡವಾಗಿತ್ತು. ಒಳಗೆ, ಕಿಟಕಿಯ ಬಳಿಯ ಮಂಚದ ಮೇಲೆ, ಅವನ ಹೆಂಡತಿ ಮಲಗಿದ್ದಳು...

ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ವಿಕಿರಣ ಸೂಸುವ ಅಯೋಡಿನ್ ನುಂಗಿ, ಗುಣವಾಯಿತೆಂದು ಆಕೆ ಮನೆಗೆ ಬಂದಿದ್ದಳು. ಕೆಲವು ದಿನ ಯಾರೂ ಹತ್ತಿರ ಸುಳಿಯಬಾರದೆಂದಿದ್ದರು ಡಾಕ್ಟರು. ಗಡುವು ಮುಗಿದರೂ ಬಣ್ಣಗಾರನ ಭಯ ಮುಗಿಯಲಿಲ್ಲ; ತಿಂಗಳುಗಟ್ಟಲೆ ಅವನ ಹಾಸಿಗೆ ಹಜಾರದಲ್ಲೇ ಉಳಿಯಿತು. ನಾನೇನು ಕೆಂಡವೇ ಎಂದು ಆಕೆ ಒಮ್ಮೆ ಛೇಡಿಸಿದ್ದಳು. ಅವನಿಗೆ ನಗು ಬರಲಿಲ್ಲ.

ಮತ್ತೆ ಕೆಲಸಕ್ಕೆ ಕೈಹಚ್ಚಿದ ಮೇಲೆ ಆಕೆಯ ತೋಳುಗಳಲ್ಲಿ ನೀಲಿ ಕಲೆಗಳು ಕಾಣಿಸಿಕೊಂಡವು. ದಿನವಿಡೀ ಬಣ್ಣದ ತೊಟ್ಟಿಯಲ್ಲಿ ಕೈಯಾಡಿಸುವವರಿಗೆ ಅದೇನು ಹೊಸದೇ? ಬಣ್ಣಗಾರನಲ್ಲವೇ, ಕಲೆ ಕಂಡರೆ ಅವನ ಕೈ ಭಯವನ್ನೂ ಮರೆಯುತ್ತಿತ್ತು. ಸಂಜೆ ಆಕೆಯನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಸೋಪು ಹಚ್ಚಿ, ನಾರಿನಿಂದ ತಿಕ್ಕಿದ. ಹೋಗಲಿಲ್ಲ. ಮರುದಿನ ಕಲೆಗಳು ಹೆಚ್ಚಿದ್ದವು. ಇನ್ನೂ ಬಲವಾಗಿ ತಿಕ್ಕಿದ. ಹೀಗೆ ಎಷ್ಟೋ ಸಂಜೆಗಳು... ಆಕೆ ಕಣ್ಣು ಮುಚ್ಚಿ, ತೋಳು ಚಾಚಿ ಸುಮ್ಮನೆ ಕೂತಿರುತ್ತಿದ್ದಳು.

ವಸಡಿನಲ್ಲಿ ರಕ್ತ ಒಸರಿದ ದಿನ ಇಬ್ಬರೂ ಆಸ್ಪತ್ರೆಗೆ ಓಡಿದರು. ತೀರಾ ಅಪರೂಪಕ್ಕೆ ಹೀಗಾಗುವುದುಂಟು, ಎಂದರು ಡಾಕ್ಟರು: ಗಂಟನ್ನು ಕರಗಿಸಿದ ವಿಕಿರಣವೇ ಮೂಳೆಯೊಳಗಿನ ಮಜ್ಜೆಯನ್ನೂ ಸುಟ್ಟಿದೆ, ರಕ್ತ ಹುಟ್ಟುವ ಸೆಲೆಯೇ ಬತ್ತುತ್ತಿದೆ. ಆ ಕಲೆಗಳು ಚರ್ಮದಡಿ ಕಟ್ಟಿದ ನೆತ್ತರು; ತಿಕ್ಕಿದಷ್ಟೂ ಹೆಚ್ಚುತ್ತವೆ. ಹೊರಗಿನಿಂದ ಕೊಡುವ ರಕ್ತ ಆಕೆಯನ್ನು ಇನ್ನು ಹೆಚ್ಚು ದಿನ ಉಳಿಸಲಾರದೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಈ ಸಂಜೆ ಬಣ್ಣಗಾರ ಹಿತ್ತಲಿನಿಂದ ಒಳಬಂದು ಮಂಚದ ಅಂಚಿನಲ್ಲಿ ಕೂತ. ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ತಿಕ್ಕುವಾಗ ಅಷ್ಟು ನೋಯ್ತಿತ್ತಲ್ಲ... ಒಂದು ಮಾತು ಹೇಳಬಾರದಿತ್ತಾ?"

ಆಕೆ ಕಿಟಕಿಯಾಚೆಗಿನ ಬಟ್ಟೆಗಳತ್ತ ನೋಡಿದಳು.

"ಹೇಳಿದ್ರೆ ನೀವು ಮತ್ತೆ ಮುಟ್ಟೋದನ್ನೇ ನಿಲ್ಲಿಸಿಬಿಡ್ತಿದ್ರಿ."

ಅವನು ಉಗುರುಗಳಲ್ಲಿ ನೀಲಿ ಉಳಿದಿದ್ದ ತನ್ನ ಕೈಯನ್ನು ಆಕೆಯ ಅಂಗೈಯಡಿಗೆ ಮೆಲ್ಲನೆ ಸರಿಸಿದ. ಒತ್ತಲಿಲ್ಲ, ಹಿಡಿಯಲೂ ಇಲ್ಲ. ಹೊರಗೆ ಬೆಳಕು ಕರಗುತ್ತಿತ್ತು...

ಮನುಷ್ಯನ ಹೃದಯ ಪ್ರೀತಿಯ ಸ್ಪರ್ಶಕ್ಕೆ ಅದೆಷ್ಟು ಹಸಿದಿರುತ್ತದೆ! ಆ ಸ್ಪರ್ಶದೊಡನೆ ಬರುವ ನೋವನ್ನೂ ಅದು ತೋಳು ಚಾಚಿ ಬರಮಾಡಿಕೊಳ್ಳುತ್ತದೆ. ಮುಟ್ಟಿದವನಿಗೆ ಅದು ತಿಳಿಯುವ ಹೊತ್ತಿಗೆ, ಅಯ್ಯೋ, ಸಂಜೆಗಳೇ ಮುಗಿದಿರುತ್ತವೆ.