ಗೋಡೆಗೆ ಒರಗಿದ ಕೊಳವೆ

ಮಂಗಿಸ್ತಾವ್ ಸೀಮೆಯ ನಮ್ಮ ಎಣ್ಣೆಬಾವಿಯಲ್ಲಿ, ಎರಡು ಸಾವಿರ ಮೀಟರ್ ಆಳದಲ್ಲಿ, ಕೊರೆಯುವ ಕೊಳವೆ ಮುರಿದು ಸಿಕ್ಕಿಕೊಂಡಿತ್ತು. ಅದನ್ನು ಕಚ್ಚಿ ಎತ್ತಲು ಇಳಿಬಿಟ್ಟ ಉಕ್ಕಿನ ಇಕ್ಕಳ ಮೂರು ಸಲವೂ ಖಾಲಿ ಬಂತು. "ಸಾಕು, ಸಿಮೆಂಟ್ ಸುರಿದು ಮುಚ್ಚಿಬಿಡಿ" ಎಂದ ಮುಖ್ಯಸ್ಥ ಸೆಯಿತ್ಕಲಿ.

ಲೇತ್ ಕೆಲಸದ ಒರಿನ್ಶಾ ಹೋಗಿ ಸಿಮೆಂಟ್ ಲಾರಿಗೆ ಅಡ್ಡ ನಿಂತಳು. ಬಾವಿಗಿಳಿಸಿ, ಮುರಿದ ತುದಿಗೆ ಒತ್ತಿ ಅಚ್ಚು ತೆಗೆದಿದ್ದ ಸೀಸದ ಬಿಲ್ಲೆ ಅವಳ ಕೈಯಲ್ಲಿತ್ತು; ಅದನ್ನು ಸೆಯಿತ್ಕಲಿಗೆ ತೋರಿಸಿದಳು.

"ನೋಡಣ್ಣಾ, ಅಚ್ಚು ಒಂದೇ ಪಕ್ಕಕ್ಕೆ ಬಿದ್ದಿದೆ. ಕೊಳವೆ ಗೋಡೆಗೆ ಒರಗಿಕೊಂಡಿದೆ. ನೇರ ಇಕ್ಕಳಕ್ಕೆ ಅದೆಲ್ಲಿ ಸಿಗುತ್ತೆ?"

"ಲೇತ್ ತಿರುಗಿಸೋಳು ನಂಗೇ ಪಾಠ ಹೇಳ್ತೀಯಾ? ದಾರಿ ಬಿಡು!"

"ಬಿಡಲ್ಲ. ಬೇಕಾದ್ರೆ ನನ್ನ ಮೇಲೇ ಸುರೀರಿ."

ಲಾರಿಯವನು ನಕ್ಕು ಎಂಜಿನ್ ಆರಿಸಿ, ಚಹಾ ಬಗ್ಗಿಸಿಕೊಂಡ. ಸೆಯಿತ್ಕಲಿ ಹಲ್ಲು ಕಡಿಯುತ್ತ ಸಂಜೆಯವರೆಗೆ ಸಮಯ ಕೊಟ್ಟ.

ಅವಳು ಇಕ್ಕಳದ ಬಾಯಿಗೆ ಕೊಕ್ಕೆಯಂತೆ ಬಾಗಿದ ಉದ್ದನೆಯ ತುಟಿಯೊಂದನ್ನು ಬೆಸೆದಳು. ಬಾವಿಗಿಳಿಸಿ ಮೆಲ್ಲಗೆ ತಿರುಗಿಸಿದಾಗ ಆ ತುಟಿ ಕೊಳವೆಯನ್ನು ಗೋಡೆಯಿಂದ ಎಳೆದು ಬಾಯೊಳಕ್ಕೆ ತಂದಿತು. ಇಕ್ಕಳವನ್ನು ಎತ್ತುತ್ತಿದ್ದಂತೆ ತೂಕ ತೋರಿಸುವ ಮುಳ್ಳು ಸರ್ರನೆ ಏರಿತು; ಕೊಳವೆ ಕಚ್ಚಿಕೊಂಡಿತ್ತು. ಮುರಿದ ಕೊಳವೆ ಪೂರ್ತಿ ಮೇಲೆ ಬಂತು.

"ಅದೃಷ್ಟ ಕಣೇ" ಎಂದ ಸೆಯಿತ್ಕಲಿ.

"ವರದಿಯಲ್ಲಿ ಅದೃಷ್ಟ ಅಂತ ಬರೀಬೇಡಿ. ನನ್ನ ಹೆಸರು ಬರೀರಿ" ಎಂದಳು ಒರಿನ್ಶಾ. ಅವನು ಬರೆದು ಸಹಿ ಹಾಕುವವರೆಗೂ ಅವಳು ಮೇಜಿನ ಮುಂದಿನಿಂದ ಕದಲಲಿಲ್ಲ.