ಕೇಳುವ ಮುನ್ನವೇ

ತಿಲೆಕ್ ಹುಟ್ಟಿದಾಗ ಅವನನ್ನು ಅತ್ತೆ ಉಲ್ಕಾನಳ ಮಡಿಲಲ್ಲಿಟ್ಟವಳು ಹೆತ್ತ ತಾಯಿ ಬುರುಲೇ. ಚೊಚ್ಚಲ ಮಗು ಅಜ್ಜಿಯದು. ಅಂಥ ಮಗು ಅಜ್ಜಿಯನ್ನು ಅಮ್ಮ ಎನ್ನುತ್ತದೆ, ಹೆತ್ತವಳನ್ನು ಅತ್ತಿಗೆ ಎನ್ನುತ್ತದೆ. ಹಿರಿಯರೆದುರು ಹೆತ್ತವಳು ಅದನ್ನು ಎತ್ತಿ ಮುದ್ದಿಸುವುದೂ ನಾಚಿಕೆಗೇಡು. ಆ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಿಲೆಕ್‌ಗೆ ಏಳು ತುಂಬಿತು. ಅವನು ಯಾರನ್ನೂ ಏನೆಂದೂ ಕರೆಯಲಿಲ್ಲ.

ಬೇಸಿಗೆಯಿಂದ ಗುಲ್ಸಾಯ್ರಾ ಟೀಚರು ನರಿನ್ ಪಟ್ಟಣದಿಂದ ವಾರಕ್ಕೊಮ್ಮೆ ಬರತೊಡಗಿದ್ದಳು. ಮಾತು ಬಾರದ ಮಕ್ಕಳಿಗೆ ಕಲಿಸುವವಳು. ಬಂದವಳಿಗೆ ಮೊದಲು ಚಹಾ, ಆಮೇಲೆ ರೊಟ್ಟಿ, ಕೆನೆ, ಕುರಿಮಾಂಸದ ಸಾರು. ಪಾಠಕ್ಕೆ ಉಳಿಯುತ್ತಿದ್ದುದು ಚೂರು ಹೊತ್ತು. ಅವಳ ಚೀಲದಲ್ಲಿ ಅಂಗೈಯಗಲದ ಚಿತ್ರಗಳಿದ್ದವು. ನೀರು, ರೊಟ್ಟಿ, ಕುದುರೆ, ಒಣಮೊಸರಿನ ಉಂಡೆಯಾದ ಕುರುತ್.

"ಅವನು ಚಿತ್ರ ತಗೊಂಡು ನಿಮ್ಮ ಕೈಗೆ ಕೊಡ್ಬೇಕು. ಕೊಟ್ಟ ತಕ್ಷಣ ಕುರುತ್ ಕೊಡಿ. ಅಲ್ಲೀತನಕ ಸುಮ್ನೆ ಕಾಯಿರಿ. ಆ ಕಾಯೋದೇ ಪಾಠ, ಅಪಾ," ಎಂದಳು ಟೀಚರು ಉಲ್ಕಾನಳಿಗೆ. ಅಪಾ ಎಂದರೆ ಅಮ್ಮ; ಹಿರಿಯ ಹೆಂಗಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ.

"ಕಾಯ್ತೀನಿ, ಕಾಯ್ತೀನಿ. ಮುದುಕಿಗೆ ಇನ್ನೇನು ಕೆಲಸ?" ಎನ್ನುತ್ತ ಉಲ್ಕಾನ್ ಆಗಲೇ ಉಂಡೆಯೊಂದನ್ನು ಮುರಿದು ಹುಡುಗನ ಬಾಯಿಗಿಟ್ಟಿದ್ದಳು.

"ಅಪಾ!"

"ಅಯ್ಯೋ, ಅವನ ಕಣ್ಣು ನೋಡೇ ತಾಯಿ! ಮನೇಲಿ ಇಷ್ಟೆಲ್ಲ ಇಟ್ಕೊಂಡು ಮಗೂನ ಬೇಡಿಸ್ಲಾ? ನಾನೇನು ಮಲತಾಯಿನಾ?"

ಬಾಗಿಲ ಬಳಿ ಚಹಾ ಬಗ್ಗಿಸುತ್ತಿದ್ದ ಬುರುಲ್ ತಲೆಯೆತ್ತಲಿಲ್ಲ. ಮುದುಕಿಯದು ಕೆಟ್ಟತನವಾಗಿದ್ದರೆ ಸುಲಭವಿತ್ತು. ಅದು ಪ್ರೀತಿ. ಬಾಯಾರುವ ಮುನ್ನ ನೀರು, ಚಳಿಯಾಗುವ ಮುನ್ನ ಕೋಟು. ಆ ಮನೆಯಲ್ಲಿ ಹುಡುಗನಿಗೆ ಏನನ್ನಾದರೂ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅತ್ತೆ ನಿದ್ದೆಹೋದ ಮಧ್ಯಾಹ್ನಗಳಲ್ಲಿ ಬುರುಲ್ ಅವನನ್ನು ಕೊಟ್ಟಿಗೆಗೆ ಕರೆದೊಯ್ಯತೊಡಗಿದಳು. ಟೀಚರು ಬಿಟ್ಟುಹೋದ ಚಿತ್ರವನ್ನು ಹುಲ್ಲಿನ ಮೇಲಿಟ್ಟು, ಮುಷ್ಟಿಯಲ್ಲಿ ಕುರುತ್ ಹಿಡಿದು ಕೂರುತ್ತಿದ್ದಳು. ಹುಡುಗ ಅಳುತ್ತಿದ್ದ, ಅವಳ ಬೆರಳು ಬಿಡಿಸಲು ನೋಡುತ್ತಿದ್ದ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅವಳು ಕಾದಳು. ಒಂದು ದಿನ ಅವನು ಚಿತ್ರವನ್ನೆತ್ತಿ, ಅವಳ ಮುಖ ನೋಡದೆಯೇ, ಅವಳ ಅಂಗೈಯಲ್ಲಿಟ್ಟ. ಏಳು ವರ್ಷಗಳಲ್ಲಿ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಹಸುವಲ್ಲದೆ ಬೇರೆ ಯಾರೂ ನೋಡಲಿಲ್ಲ.

ಗಂಡ ಕುಬಾತ್‌ಗೆ ಹೇಳಿದಾಗ ಅವನ ಮುಖ ಅರಳಿ, ಹಾಗೆಯೇ ಮುದುಡಿತು. "ಅಮ್ಮಂಗೆ ಹೇಳ್ಬೇಡ," ಎಂದ.

ಮೊದಲ ಹಿಮ ಬಿದ್ದ ವಾರ ಟೀಚರು ಸುದ್ದಿ ತಂದಳು. ಪಟ್ಟಣದ ಕೇಂದ್ರದಲ್ಲಿ ತಿಲೆಕ್‌ಗೆ ಜಾಗ ಸಿಕ್ಕಿತ್ತು. ಚಳಿಗಾಲ ಪೂರ್ತಿ ಅಲ್ಲೇ ಇರಬೇಕು. ಜೊತೆಗೆ ಮನೆಯ ದೊಡ್ಡವರೊಬ್ಬರು ಇದ್ದು, ಕಲಿಸುವುದನ್ನು ತಾವೂ ಕಲಿಯಬೇಕು.

"ಒಬ್ಬರಿಗೆ ಮಾತ್ರ ಮಂಚ ಇದೆ. ತಾಯಿ ಬಂದ್ರೆ ಒಳ್ಳೇದು."

"ಬರ್ತೀನಲ್ಲ," ಎಂದಳು ಉಲ್ಕಾನ್. "ಮಂಡಿ ನೋವಿದೆ, ಆದ್ರೂ ಬರ್ತೀನಿ. ನಿಮ್ಮೂರಲ್ಲಿ ಮೆಟ್ಟಿಲು ಜಾಸ್ತಿ ಇಲ್ಲ ತಾನೆ?"

ಟೀಚರು ನಕ್ಕಳು. ನಗು ನಿಂತ ಮೇಲೆ ಬುರುಲಳ ಕಡೆ ತಿರುಗಿದಳು. "ನೀನೇನಂತೀಯಮ್ಮ?"

ಬುರುಲಳ ಕೈಯಲ್ಲಿದ್ದ ಬಟ್ಟಲು ತುಂಬಿ ಚೆಲ್ಲಿತು. "ನನ್ನ ಕೈಗೆ ಕೊಟ್ಟಿದಾನೆ ಟೀಚರ್," ಎಂದಳು. "ಚಿತ್ರನ."

"ಯಾವಾಗ?" ಕೇಳಿದ್ದು ಅತ್ತೆ. "ನಾನೆಲ್ಲಿದ್ದೆ?"

"ಮಲಗಿದ್ರಿ. ಕೊಟ್ಟಿಗೇಲಿ..."

"ಓಹೋ. ಅದಕ್ಕೇ ಹಣೇಲಿ ಬಾವು. ನಾನು ಬಾಗಿಲು ತಾಗಿರ್ಬೇಕು ಅಂದ್ಕೊಂಡಿದ್ದೆ." ಮುದುಕಿ ಕೂಗಲಿಲ್ಲ. ಹುಡುಗನ ತಲೆಯನ್ನು ಎದೆಗೊತ್ತಿಕೊಂಡಳು. "ಇದು ಮಾತಾಡೋ ಮಗು ಆಗಿದ್ರೆ ನಂದೇ ಆಗಿರ್ತಿತ್ತು. ಈಗ ನಾನು ಬೆಳೆಸಿದ್ದೇ ಸರಿಯಿಲ್ಲ, ಅಲ್ವೇನೇ? ಟೀಚರೆದುರಿಗೇ ಹೇಳ್ಬಿಡು. ಇವನು ನಿನ್ನವನು ಅಂತ ಹೇಳು."

ಎರಡೇ ಪದ. ಅವಳು ಬಾಯಿ ತೆರೆದಳು. ಕುಬಾತ್ ಕಿಟಕಿಯಾಚೆ ನೋಡುತ್ತಿದ್ದ. ಮುದುಕಿಯ ಗದ್ದ ನಡುಗುತ್ತಿತ್ತು. ಆ ಎರಡು ಪದಗಳಿಂದ ಏಳು ವರ್ಷ ರಾತ್ರಿ ನಿದ್ದೆಗೆಟ್ಟವಳೊಬ್ಬಳು ಮಗುವನ್ನು ಕಳೆದುಕೊಳ್ಳುತ್ತಿದ್ದಳು.

"ನೀವೇ ಹೋಗಿ ಅಪಾ," ಎಂದಳು ಬುರುಲ್.

ಬೀಳ್ಕೊಡಲು ಬಂದ ಬುರುಲಳೆದುರು ಗೇಟಿನ ಬಳಿ ಟೀಚರು ನಿಂತಳು. "ಮನೆಯವರು ಯಾರನ್ನ ಕಳಿಸ್ತಾರೋ ಅವರಿಗೇ ನಾನು ಕಲಿಸೋದು. ಇನ್ನೇನು ಮಾಡ್ಲಿ ಹೇಳು."

"ಅತ್ತೇಗೆ ಕಾಯೋದು ಕಲಿಸಿ."

"ನೋಡೋಣ," ಎಂದಳು ಟೀಚರು. ಅವಳಿಗೇ ನಂಬಿಕೆಯಿರಲಿಲ್ಲ.

ಸೋಮವಾರ ಉಲ್ಕಾನ್ ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಕೇಂದ್ರದವರಿಗೆಲ್ಲ ಹಂಚಲು ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್‌ಗಳ ಗಂಟು ಹಿಡಿದು ಹೊರಟಳು. ಅವಳನ್ನೂ ಹುಡುಗನನ್ನೂ ವ್ಯಾನಿಗೆ ಹತ್ತಿಸುವಾಗ ಬುರುಲ್ ಮತ್ತೊಮ್ಮೆ ಪಿಸುಗುಟ್ಟಿದಳು, "ಅವನು ಕೊಡೋ ತನಕ..."

"ಗೊತ್ತು ಕಣೇ. ಕಿವುಡಿ ಅಂದ್ಕೊಂಡ್ಯಾ?" ಬೈಗುಳದಲ್ಲಿ ಮುನಿಸಿರಲಿಲ್ಲ. ಮುದುಕಿ ಸೊಸೆಯ ಕೆನ್ನೆ ತಟ್ಟಿದಳು.

ಬಾಗಿಲು ಮುಚ್ಚಿತು. ಗಾಜಿನಾಚೆ ತಿಲೆಕ್‌ನ ಕೈ ಕೋಟಿನ ಜೇಬಿನತ್ತ ಹೋಗುವುದು ಬುರುಲಳಿಗೆ ಕಾಣಿಸಿತು. ಚಿತ್ರಗಳನ್ನು ಆ ಜೇಬಿಗೆ ಹಾಕಿದವಳು ಅವಳೇ. ಮುದುಕಿ ಗಂಟು ಬಿಚ್ಚಿ, ಬೋರ್ಸೋಕ್ ಒಂದನ್ನು ಮುರಿದು ಅವನ ಬಾಯಿಗಿಟ್ಟಳು. ಜೇಬಿನ ಬಳಿಯ ಕೈ ಅಲ್ಲಿಯೇ ನಿಂತಿತು.

ಬುರುಲ್ ಗಾಜು ಬಡಿಯಲು ಕೈಯೆತ್ತಿದಳು. ವ್ಯಾನು ಹೊರಟೇಬಿಟ್ಟಿತ್ತು. ಎತ್ತಿದ ಕೈಯನ್ನು ಕಂಡು ಉಲ್ಕಾನ್ ನಕ್ಕಳು. ಆಮೇಲೆ ಹುಡುಗನ ಮಣಿಕಟ್ಟು ಹಿಡಿದೆತ್ತಿ, ಸೊಸೆಯತ್ತ ಅದನ್ನು ತಾನೇ ಬೀಸಿದಳು.